ಭಾನುವಾರ ಸಂಜೆ ಉದುರಿಸಿದ ಗಾರೆ

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದಿಳಿದು, ಭಾನುವಾರ ಸಂಜೆ ಅದೇ ಬಸ್ಸಿನಲ್ಲಿ ಹೋಗುವ ಹುಡುಗ ಹುಡುಗಿಯರಿಗೆ ಗಾರೆ ಬಳಿಯುವುದನ್ನು ಕಲಿಸುವುದು ಮೇಸ್ತ್ರಮ್ಮನ ಕೆಲಸ. ಆಕೆಗೆ ಐವತ್ತೆಂಟು. ಹಳೆಯ ದೀಪಸ್ತಂಭದ ಒಳಗೋಡೆ ಉಪ್ಪುಗಾಳಿಗೆ ಸಿಪ್ಪೆಸಿಪ್ಪೆಯಾಗಿ ಎದ್ದಿತ್ತು. ಅದನ್ನು ಶ್ರಮದಾನದಿಂದಲೇ ದುರಸ್ತಿ ಮಾಡುವುದಾಗಿ ಒಂದು ಯುವಕರ ಸಂಘ ಹೊಣೆ ಹೊತ್ತಿತ್ತು. ಸುಣ್ಣದ ಗಾರೆ ಬಲ್ಲವರು ಸುತ್ತಮುತ್ತ ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ ಆಕೆಯನ್ನು ಕರೆಸಿದರು.

ಹನ್ನೊಂದು ತಂಡಗಳು ಬಂದು ಹೋಗಿದ್ದವು. ಮೊದಲು ಕಲ್ಲಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಆಮೇಲೆ ಗಾರೆ ಹಚ್ಚಿ ಎಂದು ಪ್ರತಿ ತಂಡಕ್ಕೂ ಹೇಳುತ್ತಿದ್ದಳು. ಅವರು ತಲೆಯಾಡಿಸಿ ಒಣಕಲ್ಲಿನ ಮೇಲೆಯೇ ಮೆತ್ತುತ್ತಿದ್ದರು.

"ತಪ್ಪು ಎತ್ತಿ ಆಡಬೇಡಿ ಮೇಸ್ತ್ರಮ್ಮ. ನೊಂದ್ಕೊಂಡ್ರೆ ಮಕ್ಕಳು ಬರೋದೇ ಬಿಟ್ಟುಬಿಡ್ತಾರೆ," ಎಂದಿದ್ದರು ಸಂಘದ ಕಾರ್ಯದರ್ಶಿ.

ಹಾಗಾಗಿ ಆಕೆ "ಚೆನ್ನಾಗಿದೆ ಕಣ್ರೋ" ಎಂದು ಬಸ್ಸು ಹತ್ತಿಸಿ, ಒಳಗೆ ಬಂದು ಅವರು ಬಳಿದದ್ದನ್ನೆಲ್ಲ ಉದುರಿಸುತ್ತಿದ್ದಳು. ಸೋಮವಾರದಿಂದ ಒಬ್ಬಳೇ ಮತ್ತೆ ಬಳಿಯುತ್ತಿದ್ದಳು.

"ಅಕ್ಕಾ, ಆ ಮಕ್ಕಳಿಗೆ ಬೇಕಾಗಿರೋದು ಗೋಡೆ ಅಲ್ಲ, ಮೈ ಕೊಳೆಯಾಗಿರೋ ಫೋಟೋ," ಎನ್ನುತ್ತಿದ್ದಳು ರಾತ್ರಿ ಆಕೆಯ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದ ತಂಗಿ. "ನಮ್ಮ ಹಿತ್ತಲಲ್ಲೇ ತೆಗೆಸಿ ಕಳಿಸಿಬಿಡೋಣ."

"ನಗಿಸಬೇಡ ಕಣೇ, ಪಕ್ಕೆ ನೋಯುತ್ತೆ."

ಹನ್ನೆರಡನೇ ತಂಡದಲ್ಲೊಬ್ಬಳು ಗುಂಗುರು ಕೂದಲಿನ ಹುಡುಗಿಯಿದ್ದಳು. ಎರಡು ದಿನ ಬಗ್ಗಿದ ಬೆನ್ನು ಎತ್ತದೆ ಮೆಟ್ಟಿಲ ಕಿಟಕಿಯ ಕೆಳಗಿನ ಗೋಡೆ ಬಳಿದಳು. ಭಾನುವಾರ ಎಲ್ಲರೂ ಬಸ್ಸಿಗೆ ಹೋದ ಮೇಲೆ ಮೇಸ್ತ್ರಮ್ಮ ಸುತ್ತಿಗೆ ಹಿಡಿದಳು. ಮೊದಲ ಹೆಂಟೆ ಬಿದ್ದಿತ್ತಷ್ಟೆ, ಮರೆತ ಟೋಪಿಗಾಗಿ ವಾಪಸು ಬಂದ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ಅದು ನಾನು ಮಾಡಿದ ಗೋಡೆ."

"ಹೌದಮ್ಮಾ."

"ಚೆನ್ನಾಗಿದೆ ಅಂದ್ರಲ್ಲ!"

ಮೇಸ್ತ್ರಮ್ಮನಿಗೆ ಸುಳ್ಳು ಹೇಳಲೂ ತ್ರಾಣವಿರಲಿಲ್ಲ. "ಕಲ್ಲು ನೆನೆಸಿಲ್ಲ ನೀನು. ಗಾರೆಯ ನೀರನ್ನೆಲ್ಲ ಅದೇ ಕುಡಿದುಬಿಟ್ಟಿದೆ. ನಾನು ಕೀಳದಿದ್ರೂ ತಿಂಗಳಲ್ಲಿ ತಾನೇ ಬೀಳುತ್ತೆ."

"ಎಲ್ಲರದ್ದೂ ಹೀಗೇ ಕೀಳ್ತೀರಾ?"

"ಎಲ್ಲರದ್ದೂ."

ಹುಡುಗಿಯ ಮುಖ ಕೆಂಪಾಯಿತು. "ಅಮ್ಮನಿಗೆ ಫೋಟೋ ಕಳಿಸಿದೀನಿ ನಾನು," ಎಂದು ಟೋಪಿಯನ್ನೂ ತೆಗೆದುಕೊಳ್ಳದೆ ಹೋದಳು.

ಆ ವಾರ ಮೇಸ್ತ್ರಮ್ಮನಿಗೆ ಕೈ ಓಡಲಿಲ್ಲ. ಬುಧವಾರ ಕಾರ್ಯದರ್ಶಿ ಫೋನು ಮಾಡಿ, "ವಿಷಯ ಎಲ್ಲರಿಗೂ ಗೊತ್ತಾಗಿದೆ. ಮುಂದಿನ ತಂಡ ಬರಲ್ಲ ಅಂತಿದೆ. ಏನು ಮಾಡಿಟ್ರಿ ಮೇಸ್ತ್ರಮ್ಮ?" ಎಂದರು. ಕೆಲಸ ಹೋಯಿತೆಂದೇ ಆಕೆ ಎಣಿಸಿದಳು. ಹೋದರೆ ಹೋಗಲಿ, ಒಂದಿಷ್ಟು ಮಲಗಬಹುದು ಎಂದೂ ಅನ್ನಿಸಿತು.

ಶನಿವಾರ ಬಸ್ಸು ಬರಲಿಲ್ಲ. ಹತ್ತು ಗಂಟೆಗೆ ಗುಂಗುರು ಕೂದಲಿನವಳು ಇಬ್ಬರು ಗೆಳತಿಯರೊಂದಿಗೆ ಹೆದ್ದಾರಿಯಿಂದ ನಡೆದುಕೊಂಡು ಬಂದಳು. ಮುಖದಲ್ಲಿ ನಗೆಯಿರಲಿಲ್ಲ.

"ಇನ್ನೊಂದ್ಸಲ ಮಾಡ್ತೀವಿ. ಸರಿ ಇಲ್ಲ ಅಂದ್ರೆ ನಮ್ಮೆದುರಿಗೇ ಕೀಳಿ."

ಆಕೆ ಎದುರಿಗೇ ಕಿತ್ತಳು, ಎರಡು ಸಲ. ಮಧ್ಯಾಹ್ನ ಒಬ್ಬ ಗೆಳತಿ ಅತ್ತಳು. ಸಂಜೆಗೆ ಮೊಳದಗಲ ಗಾರೆ ನಿಂತಿತು. ಒಂದು ತಂಡದ ಹನ್ನೆರಡು ಜನ ಎರಡು ದಿನಕ್ಕೆ ಇಡೀ ಗೋಡೆ ಬಳಿಯುತ್ತಿದ್ದ ಜಾಗದಲ್ಲಿ, ಮೂವರಿಂದ ಒಂದು ಮೊಳ.

ಮುಂದಿನ ವಾರ ಇಬ್ಬರು ಬಂದರು. ಅದರ ಮುಂದಿನ ವಾರದಿಂದ ಗುಂಗುರು ಕೂದಲಿನವಳು ಒಬ್ಬಳೇ. ಬೇರೆ ಮೇಸ್ತ್ರಿ ಸಿಗದೆ ಕಾರ್ಯದರ್ಶಿ ಹೊಸ ತಂಡಗಳನ್ನೂ ಕಳಿಸಿದರು. ಸರಿಯಿಲ್ಲದ್ದನ್ನು ಕೀಳುತ್ತೇನೆಂದು ಮೇಸ್ತ್ರಮ್ಮ ಮೊದಲೇ ಹೇಳಿಬಿಟ್ಟಿದ್ದರಿಂದ ಅರ್ಧ ಜನ ಮುಖ ಸಿಂಡರಿಸಿ ಹೋದರು, ಅರ್ಧ ಜನ ಉಳಿದರು. ಮಳೆಗಾಲಕ್ಕೆ ಮುಂಚೆ ಮುಗಿಯಬೇಕಾಗಿದ್ದ ಕೆಲಸ ಮುಗಿಯಲಿಲ್ಲ. ಸಮುದ್ರದ ಕಡೆಯ ಗೋಡೆಗೆ ಅಟ್ಟಣಿಗೆ ಹಾಗೇ ನಿಂತಿರುವಾಗಲೇ ದೀಪಸ್ತಂಭವನ್ನು ಜನರಿಗೆ ತೆರೆದರು.

ಅದಾದ ಮರುವಾರ, ಮಧ್ಯಾಹ್ನ, ಹುಡುಗಿ ಹೊಸಬನೊಬ್ಬನನ್ನು ಗದರಿಸುವುದು ಮೇಲಿನಿಂದ ಕೇಳಿಸಿತು. "ನೀರು ಹಾಕಿದ್ಯೇನೋ? ಇನ್ನೂ ಹಾಕು. ಸಾಲದು."

ಮೇಸ್ತ್ರಮ್ಮ ಹತ್ತಲು ಕಾಲೆತ್ತಿದವಳು ಹತ್ತಲಿಲ್ಲ. ಕರಣೆಯನ್ನು ಬಕೆಟ್ಟಿನಲ್ಲಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.