ಮದ್ದಿಗೆ ಸಿಗದವನು

ಸಮಾಧಾನ ಹೇಳಲಿಕ್ಕಲ್ಲ, ನಗಿಸಲಿಕ್ಕೆ ಕರೆದದ್ದು. ಶೆರಿಲ್ ಫೋನಿನಲ್ಲಿ ಅದನ್ನು ಒತ್ತಿ ಹೇಳಿದ್ದಳು. ಮುಸಫ್ಫಾದ ಬಸ್ಸಿನಲ್ಲಿ ನೇತಾಡುತ್ತ ಶಾನ್ ತನ್ನ ಸಿನಿಮಾ ಮಿಮಿಕ್ರಿಯ ಸರಕನ್ನು ಮನಸ್ಸಿನಲ್ಲೇ ತಿರುವಿ ಹಾಕಿದ: ಸಾಯುವ ಖಳನಾಯಕ, ಕುಡಿದ ಪೊಲೀಸ್, ಮಗಳ ಮದುವೆಯಲ್ಲಿ ಅಳುವ ಅಪ್ಪ. ಕೊನೆಯದನ್ನು ಬದಿಗಿಟ್ಟ.

ಶೆರಿಲಳ ಗಂಡ ಲೂರ್ದ್, ಶಾನ್‌ಗೆ ದೊಡ್ಡಮ್ಮನ ಮಗ. ಕಬ್ಬಿಣದ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಅವನ ಕರುಳಿನ ಕ್ಯಾನ್ಸರ್ ಹೋಯಿತೆಂದು ಈಸ್ಟರಿಗೆ ಕೇಕ್ ಕತ್ತರಿಸಿದ್ದರು. ಈಗ ಅದು ಲಿವರಿನಲ್ಲಿ ಕಾಣಿಸಿಕೊಂಡಿದೆ.

ಗಲ್ಫಿನ ಈ ಊರಿಗೆ ದುಡಿಯಲು ಬಂದ ಮಂಗಳೂರಿನವರಲ್ಲಿ ಒಂದು ರೂಢಿ. ಡಾಕ್ಟರು ಏನೇ ಹೇಳಲಿ, ಆಸ್ಪತ್ರೆಯ ಕಡೆಯ ‘ನಮ್ಮವ’ನೊಬ್ಬ ತಲೆಯಾಡಿಸುವ ತನಕ ಅದು ತೀರ್ಮಾನವಲ್ಲ. ನಮ್ಮವ ರಿಸೆಪ್ಷನಿನಲ್ಲಿ ಟೋಕನ್ ಕೊಡುವವನಾದರೂ ಆದೀತು. ಶಾನ್ ಕ್ಯಾನ್ಸರ್ ಸಂಶೋಧನೆಯ ಲ್ಯಾಬಿನವ. ಅವನ ತಲೆಗೆ ಬೆಲೆ ಜಾಸ್ತಿ.

ಬಾಗಿಲು ತೆರೆದ ಶೆರಿಲ್ ಇನ್ನೂ ಹೋಟೆಲಿನ ಯೂನಿಫಾರ್ಮಿನಲ್ಲೇ ಇದ್ದಳು.

“ಎಂತ ಹೇಳಿದ್ರು ಡಾಕ್ಟರ್?” ಶಾನ್ ಕೇಳಿದ.

“ಒಳಗೆ ಹೋಗು. ನಿನ್ನನ್ನೇ ಕಾಯ್ತಾ ಇದ್ದಾರೆ.”

ಸೋಫಾದ ಮೇಲೆ ಲೂರ್ದ್ ಅರ್ಧ ಕುಳಿತು ಅರ್ಧ ಮಲಗಿದ್ದ. “ಬಂದ ನೋಡು, ಫ್ಲಾಪ್ ಪಿಚ್ಚರಿನ ಹೀರೋ.”

ಶಾನ್ ಬಾಗಿಲಿಗೆ ಒರಗಿ ಕಾಲರ್ ಎತ್ತಿದ. “ಈ ಏರಿಯಾದಲ್ಲಿ ಎರಡಕ್ಕೇ ಜನ ಹೆದರೋದು. ಒಂದು ಕಬ್ಬಿಣ. ಇನ್ನೊಂದು, ಆ ಕಬ್ಬಿಣ ಹೆದರೋ ನಮ್ಮಣ್ಣ.”

ಲೂರ್ದ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಡಿದುಕೊಂಡದ್ದು ನಗುವಿಗೋ ನೋವಿಗೋ ತಿಳಿಯಲಿಲ್ಲ. ಆಮೇಲೆ ಟೀವಿಯ ಸದ್ದು ಇಳಿಸಿದ.

“ನಾಳೆ ಡಾಕ್ಟರಿಗೆ ಹೇಳ್ಬೇಕು. ಎರಡನೇ ಮದ್ದು ಶುರು ಮಾಡುದಾ, ಊರಿಗೆ ಹೋಗುದಾ ಅಂತ.”

“ಹೂಂ.”

“ಊರಲ್ಲಿ, ಮುಕ್ಕದಲ್ಲಿ ನನ್ನ ತಮ್ಮ ಗೇಬ್ರಿಯಲ್ ದೋಣಿಗೆ ಬಣ್ಣ ಹೊಡೆದಿದ್ದಾನಂತೆ. ಈಗಾದ್ರೆ ಹತ್ತಿ ಕೂತ್ಕೊಳ್ಲಿಕ್ಕೆ ಆಗ್ತದೆ. ಮದ್ದು ತಗೊಂಡ್ರೆ ಕಾಲು ನಿಲ್ಲುದಿಲ್ಲ, ಕಳೆದ ಸಲ ನೋಡಿದ್ದಿಯಲ್ಲ. ವಾಸಿ ಆಗುದಾದ್ರೆ ಬಿದ್ಕೊಂಡಿರ್ತೇನೆ. ಆಗುದಿಲ್ಲಾಂದ್ರೆ ಯಾಕೆ?” ಅವನು ರಿಮೋಟನ್ನು ಬದಿಗಿಟ್ಟ. “ಎಲ್ಲ ಸತ್ತಿತ್ತಲ್ಲ ಶಾನ್. ಇದು ಎಲ್ಲಿಂದ ಬಂತು?”

ಎಲ್ಲಿಂದ ಎಂಬುದು ಶಾನ್‌ಗೆ ಗೊತ್ತಿತ್ತು. ಮದ್ದು ಹುಡುಕುವುದು ಅವಸರದಲ್ಲಿ ಮರಿ ಹಾಕುವ ಕ್ಯಾನ್ಸರ್ ಜೀವಕಣಗಳನ್ನು. ಅವುಗಳ ನಡುವೆ ಕೆಲವೇ ಕೆಲವು ತಾಯಿಕಣಗಳು ಏನೂ ಮಾಡದೆ ಬಿದ್ದಿರುತ್ತವೆ. ಒಳಗೆ ಬಂದ ವಿಷವನ್ನು ಹೊರಗೆ ಚೆಲ್ಲುತ್ತವೆ. ಗುಣವಾಯಿತೆಂಬ ಕೈಕುಲುಕಾಟ ಮುಗಿದ ಮೇಲೆ ಎದ್ದು ಇಡೀ ಸಂಸಾರವನ್ನು ಹೊಸದಾಗಿ ಹುಟ್ಟಿಸುತ್ತವೆ. ಲ್ಯಾಬಿನ ತಟ್ಟೆಗೆ ವಿಷ ಸುರಿದ ಮರುದಿನ, ಹೆಣಗಳ ನಡುವೆ ದುಂಡಗೆ ಹೊಳೆಯುವ ಅವುಗಳನ್ನು ಅವನು ಮೆಚ್ಚಿಕೊಂಡದ್ದುಂಟು. ಸೆಮಿನಾರಿನಲ್ಲಿ ಅವುಗಳ ಫೋಟೋಕ್ಕೆ ಚಪ್ಪಾಳೆ ಬಿದ್ದಿತ್ತು.

“ಕೆಲವು ಮಲಗಿರ್ತವೆ,” ಎಂದ. “ಮದ್ದು ಓಡಾಡುವವರನ್ನು ಹಿಡೀತದೆ. ಮಲಗಿದವರನ್ನು ಬಿಡ್ತದೆ.”

“ಇಂಥವರೆಲ್ಲ ನಮ್ಮ ಕಂಪನಿಯಲ್ಲೂ ಇದ್ದಾರೆ.” ಲೂರ್ದ್ ನಗಲಿಲ್ಲ. “ಎರಡನೇ ಮದ್ದು ಮಲಗಿದವರನ್ನು ಹಿಡೀತದಾ?”

ಇಲ್ಲ. ಅದರ ಹೆಸರು ಶಾನ್ ಓದಿದ್ದ. ಗಡ್ಡೆ ಕುಗ್ಗೀತು, ಕೆಲವು ತಿಂಗಳು ಸಿಕ್ಕಾವು, ಅವೂ ಹಾಸಿಗೆಯಲ್ಲಿ. ಒಂದೇ ಶಬ್ದ ಸಾಕಿತ್ತು. ಅಡುಗೆಮನೆಯಲ್ಲಿ ನಳ್ಳಿ ನೀರಿನ ಸದ್ದು ನಿಂತಿತು.

“ಡೈಲಾಗ್ ಬೇಡ ಮಾರಾಯ. ಒಂದು ಸಲ ಸೀದಾ ಹೇಳು.”

ಶಾನ್ ಬಾಯಿ ತೆರೆದ. ಹೊರಟದ್ದು ಅವನದಲ್ಲದ ಒಂದು ಗಡಸು ಧ್ವನಿ. “ಇಂಟರ್ವಲ್‌ಗೆ ಮುಂಚೆ ಹೀರೋ ಏಟು ತಿನ್ನೋದು ಸಾಯೋಕಲ್ಲ ಕಣೋ. ಸೆಕೆಂಡ್ ಹಾಫಲ್ಲಿ ವಾಪಸ್ ಕೊಡೋಕೆ.”

ಲೂರ್ದ್ ಅವನನ್ನೇ ನೋಡಿದ. ಮತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಕೇಳಿದ್ಯಾ ಶೆರಿಲ್? ಸೆಕೆಂಡ್ ಹಾಫ್ ಉಂಟಂತೆ.” ಅಷ್ಟರಲ್ಲೇ ಫೋನು ಕಿವಿಯಲ್ಲಿತ್ತು. “ಗೇಬ್ರಿಯಲ್, ದೋಣಿ ನೀನೇ ಇಳಿಸು. ಮದ್ದು ಮುಗಿಸಿಯೇ ಬರ್ತೇನೆ. ಹೌದು, ಶಾನ್ ಹೇಳಿದ. ಅವನಿಗೆ ಗೊತ್ತಿಲ್ಲದ್ದು ಉಂಟಾ?”

ನಾನು ಹಾಗೆ ಹೇಳಿಲ್ಲ ಎನ್ನಲು ಶಾನ್‌ಗೆ ಆ ಕರೆ ಮುಗಿಯುವ ತನಕ ಸಮಯವಿತ್ತು. ಶೆರಿಲ್ ಚಾ ತಂದಿಟ್ಟಳು. ಅವಳ ಮುಖ ಎಷ್ಟೋ ವಾರಗಳ ನಂತರ ಸಡಿಲವಾಗಿತ್ತು.

“ಅಣ್ಣ, ನಾನೀಗ ಹೇಳಿದ್ದು…”

“ಗೊತ್ತುಂಟು, ಗೊತ್ತುಂಟು. ಇನ್ನೊಂದು ಮಾಡು.”

ಅವನು ಇನ್ನೊಂದು ಮಾಡಿದ. ಚೆನ್ನಾಗಿಯೇ ಮಾಡಿದ.

ಲಿಫ್ಟಿನ ಮೂರು ಗೋಡೆಗೂ ಕನ್ನಡಿ. ಬಾಗಿಲು ಮುಚ್ಚಿದ ಮೇಲೂ ಮುಖದ ಮೇಲಿನ ನಗು ಇಳಿದಿರಲಿಲ್ಲ. ಎರಡು ಬೆರಳಿನಿಂದ ತುಟಿಗಳನ್ನು ಕೆಳಗೆ ಎಳೆದ. ಬಿಟ್ಟೊಡನೆ ಅವು ಮೇಲೇರಿದವು. ಅವನ ಹಿಂದೆ ಇನ್ನೊಬ್ಬ ಶಾನ್, ಅವನೊಳಗಿಂದ ಮತ್ತೊಬ್ಬ. ಒಬ್ಬನನ್ನು ಒಬ್ಬ ಹೆರುತ್ತ ಚಿಕ್ಕದಾಗುತ್ತ ಹೋದವರೆಲ್ಲರ ಬಾಯಿಯಲ್ಲೂ ಅದೇ ನಗು.

ಬಟನ್ ಒತ್ತುವುದು ಮರೆತುಹೋಗಿತ್ತು. ಅವನು ಅಲುಗಾಡದೆ ನಿಂತಿದ್ದರಿಂದ ದೀಪ ತಾನಾಗಿ ಆರಿತು. ಕತ್ತಲಲ್ಲಿ ಯಾರೂ ಇರಲಿಲ್ಲ. ಸದ್ಯ, ಎಂದುಕೊಂಡ.

ಕೆಳಗೆ ಯಾರೋ ಲಿಫ್ಟ್ ಕರೆದರು. ದೀಪ ಹೊತ್ತಿತು. ಕನ್ನಡಿಗಳಲ್ಲಿ ಮಲಗಿದ್ದವರೆಲ್ಲರೂ ಒಟ್ಟಿಗೆ ಎದ್ದರು.