ಕೌಟು ಎಣ್ಣೆ ಕುಡಿದ ಲಾರಿ

ಮೆಕ್ಯಾನಿಕ್ ಆಂಜನಪ್ಪ ಒಂದು ಸಲ ಕೆಮ್ಮಿದರೆ ಸಾಕು, ಕೆ.ಬಿ. ಕ್ರಾಸಿನಲ್ಲಿ ಕೆಟ್ಟು ನಿಂತ ಲಾರಿ ತಾನಾಗಿಯೇ ಸ್ಟಾರ್ಟ್ ಆಗಿ, ಹಾರನ್ ಹೊಡೆದು ನಮಸ್ಕಾರ ಹೇಳಿ ಹೊರಡುತ್ತಿತ್ತು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವನು ಡೀಸೆಲ್ ಪಂಪು ಬಿಚ್ಚಿ ಜೋಡಿಸಿದ್ದನಂತೆ. ಇದನ್ನೆಲ್ಲ ಹೇಳಿದವನು ಆಂಜನಪ್ಪನೇ, ಹಾಗಾಗಿ ಅನುಮಾನಪಡುವಂತಿಲ್ಲ.

ಆ ಬೆಳಿಗ್ಗೆ ದಂಡಿನಶಿವರದಲ್ಲಿ ಎಂಥ ಚಳಿ ಎಂದರೆ ತೆಂಗಿನ ಮರಗಳೂ ಗರಿ ಹೊದ್ದು ಮುದುರಿಕೊಂಡಿದ್ದವು. ಕೊಬ್ಬರಿ ವ್ಯಾಪಾರಿ ಪರಮಶಿವಯ್ಯನ ಗೋದಾಮಿನ ಮುಂದೆ ಹಳೇ ಲಾರಿ ಚೀಲ ಹೊತ್ತು ನಿಂತಿತ್ತು. ತಿಪಟೂರಿನ ಹರಾಜಿಗೆ ಹೋಗಬೇಕು. ಡ್ರೈವರ್ ಲಕ್ಕಯ್ಯ ಮತ್ತೆ ಮತ್ತೆ ಕೀ ತಿರುಗಿಸುತ್ತಿದ್ದ. ಗರ್ರ್, ಗರ್ರ್, ಗರ್ರ್. ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಲೋಡ್ ಮಾಡಿದ ಕೂಲಿಯವರು ಸುತ್ತ ನಿಂತು ಕೈ ಉಜ್ಜಿಕೊಳ್ಳುತ್ತಿದ್ದರು.

ಪರಮಶಿವಯ್ಯ ಎಲೆಅಡಿಕೆ ಜಗಿಯುತ್ತ ಬಂದು ಲಕ್ಕಯ್ಯನ ಕಾಲ ಬಳಿಯೇ ಪಿಚಕ್ಕನೆ ಉಗಿದ. ಕೆಂಪು ರಸ ಲಕ್ಕಯ್ಯನ ಪಾದಕ್ಕೆ ಸಿಡಿಯಿತು.

"ಆಂಜನಪ್ಪ, ನೋಡಪ್ಪ ಇವ್ನು ಏನು ಮಾಡವ್ನೆ ಅಂತ."

ಆಂಜನಪ್ಪ ಬಾನೆಟ್ಟಿನ ಹತ್ತಿರವೂ ಹೋಗಲಿಲ್ಲ. ದೂರದಲ್ಲೇ ನಿಂತು, ಕಣ್ಣು ಮುಚ್ಚಿ, ಕಿವಿಗೆ ಕೈ ಕೊಟ್ಟ.

"ಶಬ್ದನೇ ಹೇಳ್ತೈತಲ್ಲ. ಡೀಸೆಲ್ಲಿಗೆ ನೀರು ಸೇರೈತೆ. ಯಾರೋ ಡೀಸೆಲ್ ಇಳಿಸ್ಕಂಡು ನೀರು ತುಂಬವ್ರೆ."

"ಯಾರೋ ಅಂದ್ರೆ? ಓಡ್ಸೋನು ಇವ್ನೊಬ್ನೇ!" ಪರಮಶಿವಯ್ಯ ಫೋನ್ ತೆಗೆದ. "ಪೊಲೀಸ್ರಿಗೇ ಒಪ್ಪಿಸ್ಬುಡ್ತೀನಿ. ಲೈಸೆನ್ಸು ಹೋದ್ರೆ ಮುಂದೆ ಏನ್ ಓಡುಸ್ತೀಯೋ ನೋಡಾನ."

ಪರಮಶಿವಯ್ಯನ ಸಿಟ್ಟು ಇವತ್ತಿನದಲ್ಲ. ಹಿಂದಿನ ವಾರ ಕಾಯಿ ಒಡೆಯುವಾಗ ಕೂಲಿಯಾಳು ಭೈರಮ್ಮನ ಬೆರಳಿಗೆ ಮಚ್ಚು ಬಿದ್ದಿತ್ತು. ಲಕ್ಕಯ್ಯ ಯಾರನ್ನೂ ಕೇಳದೆ ಇದೇ ಲಾರಿಯಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದಿದ್ದ. "ನನ್ ಲಾರಿ ಏನು ಆಂಬುಲೆನ್ಸಾ? ಸೀಟೆಲ್ಲ ರಕ್ತ ಮಾಡವ್ಳೆ," ಎಂದು ಪರಮಶಿವಯ್ಯ ಸೀಟು ತೊಳೆಸಿದ್ದು ಆ ಭೈರಮ್ಮನ ಕೈಯಲ್ಲೇ. ಪಟ್ಟಿ ಕಟ್ಟಿದ ಕೈಯಲ್ಲಿ.

"ನೀರು ನಾನ್ಯಾಕಣ್ಣ ಹಾಕ್ಲಿ?" ಲಕ್ಕಯ್ಯನ ದನಿ ಒಡೆಯಿತು. "ಹೊಟ್ಟೆಗೆ ಅನ್ನ ಹಾಕೋ ಗಾಡಿ ಕಣಣ್ಣ ಇದು. ಒಂದ್ಸಲ ಬಿಚ್ಚಿ ನೋಡು, ನಿನ್ ಕಾಲಿಗೆ ಬೀಳ್ತೀನಿ."

"ಬಿಚ್ಚೋಕೆ ಬಂದ್ರೆ ತಾನೇ," ಎಂದು ಕೂಲಿಯವರಲ್ಲಿ ಯಾರೋ ನಕ್ಕರು.

ಆ ಮಾತು ಆಂಜನಪ್ಪನ ಮೀಸೆಗೇ ತಾಗಿತು. ಬಿಚ್ಚಬಾರದಿತ್ತು. ಆದರೆ ಹೊಗಳಿಕೆ ತಿಂದೇ ಬೆಳೆದ ದೇಹ, ಸುಮ್ಮನಿರಲಿಲ್ಲ.

"ಹೊಡಿಯಲಾ ಸೆಲ್ಫು!"

ಲಕ್ಕಯ್ಯ ಕೀ ತಿರುಗಿಸಿದ. ಆಂಜನಪ್ಪ ಸೈಲೆನ್ಸರ್ ನೋಡಿದ. ಒಂದೆಳೆ ಹೊಗೆಯೂ ಇಲ್ಲ. ಅಂದರೆ ಎಂಜಿನ್ನಿಗೆ ಡೀಸೆಲ್ ಹೋಗುತ್ತಲೇ ಇಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪು ಒತ್ತಿದ. ಡೀಸೆಲ್ ಚಿಮ್ಮಬೇಕಿತ್ತು, ಗುಳ್ಳೆಯಾದರೂ ಬರಬೇಕಿತ್ತು. ಏನೂ ಬರಲಿಲ್ಲ. ಪಂಪು ಕಲ್ಲಿನಂತೆ ಗಟ್ಟಿ. ಫಿಲ್ಟರ್ ಬಿಚ್ಚಿ ಒಳಗೆ ಬೆರಳು ಹಾಕಿದ. ಬೆಳ್ಳನೆಯ ಲೋಳೆ ಮುದ್ದೆಮುದ್ದೆಯಾಗಿ ಅಂಟಿಕೊಂಡು ಬಂತು. ಅದರ ಗಬ್ಬು ಕೌಟು ನಾತಕ್ಕೆ ಅರಳೀಕಟ್ಟೆಯ ಮೇಲಿದ್ದ ಕಾಗೆಗಳೆಲ್ಲ ಮಾಯಸಂದ್ರಕ್ಕೆ ಹಾರಿಹೋದವು.

ಭೈರಮ್ಮ ಬಗ್ಗಿ ನೋಡಿದಳು. "ಅಯ್ಯೋ, ಇದು ಕೊಬ್ರಿ ಎಣ್ಣೆ ಕಣ್ರೋ! ಚಳಿಗೆ ನಮ್ಮನೆ ಸೀಸೇಲೂ ಹಿಂಗೇ ಗಟ್ಟಿಯಾಗೈತೆ. ಬಿಸ್ಲಿಗೆ ಇಟ್ಟು ಬಂದಿವ್ನಿ."

ಕೊಳೆತ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ, ಕೌಟು ಹಿಡಿದು ಮಾರಲಾಗದ ಎಣ್ಣೆಯನ್ನು ಪರಮಶಿವಯ್ಯ ಒಳಕೋಣೆಯಲ್ಲಿ ಟಿನ್ನುಗಳಲ್ಲಿ ಇಟ್ಟಿದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಟಿನ್ನು ಹೊತ್ತವರೇ ಅವರು. ಡೀಸೆಲ್ ಉಳಿಸಲು ಅದನ್ನೇ ಟ್ಯಾಂಕಿಗೆ ಸುರಿದಿದ್ದಾನೆ. ಬೇಸಿಗೆಯಲ್ಲಿ ನಡೆಯಿತು. ಚಳಿಯಲ್ಲಿ ಹೆಪ್ಪುಗಟ್ಟಿತು.

"ಇವ್ನೇ ಕದ್ದು ಹುಯ್ದವ್ನೆ!" ಪರಮಶಿವಯ್ಯ ಕೂಗಿದ.

"ಆ ಕ್ವಾಣೆ ಬೀಗದ ಕೈ ನಿಮ್ ಉಡಿದಾರದಾಗೆ ತಾನೇ ಯಜಮಾನ್ರೇ ಇರೋದು?" ಎಂದಳು ಭೈರಮ್ಮ. "ಸ್ನಾನಕ್ಕೆ ಹೋದ್ರೂ ಬಿಚ್ಚಲ್ವಲ್ಲ."

ಪರಮಶಿವಯ್ಯನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಎಲ್ಲರೂ ನೋಡಿದರು.

"ಏನ್ರೋ ಬಾಯ್ಬುಟ್ಕಂಡು ನಿಂತಿದ್ದೀರಿ? ತಳ್ರೋ ಲಾರಿನ!"

ಒಬ್ಬನೂ ಕದಲಲಿಲ್ಲ. ಮುಂದಿದ್ದವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಪಕ್ಕದವನೂ ಕಟ್ಟಿಕೊಂಡ. ಆಮೇಲೆ ಎಲ್ಲರೂ. ಲಕ್ಕಯ್ಯ ಕೀ ಕಿತ್ತು ಜೇಬಿಗೆ ಹಾಕಿಕೊಂಡು ಕೆಳಗಿಳಿದ.

ಗಲಾಟೆಯಲ್ಲಿ ಆಂಜನಪ್ಪ ಮೆಲ್ಲಗೆ ಸ್ಪಾನರ್ ಚೀಲ ಎತ್ತಿಕೊಂಡಿದ್ದ. ಭೈರಮ್ಮ ಅಡ್ಡ ಬಂದಳು.

"ಆಂಜನಪ್ಪಣ್ಣ, ಬಾನೆಟ್ಟು ಎತ್ತೋಕೆ ಮುಂಚೆನೇ ನೀರು ಅಂದ್ಯಲ್ಲ. ಯಾರು ಹೇಳಿದ್ರು ನಿಂಗೆ?"

"ಶಬ್ದ ಕಣವ್ವ. ಅರಸೀಕೆರೇಲಿ ರೈಲು ಕೆಟ್ರೂ ಇಲ್ಲಿಂದ್ಲೇ ನನ್ ಕಿವಿಗೆ..."

"ಶಬ್ದ ನೀರು ಅಂತು. ಫಿಲ್ಟರಾಗೆ ಎಣ್ಣೆ ಐತೆ. ನಿನ್ ಕಿವಿ ಸುಳ್ಳೋ, ನೀನು ಸುಳ್ಳೋ?"

ಆಂಜನಪ್ಪ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮೂಸಿದ. ಮತ್ತೆ ಒರೆಸಿಕೊಂಡ. ನಾತ ಹೋಗಲಿಲ್ಲ. ಎದುರಿಗೆ ಪರಮಶಿವಯ್ಯ ಕಣ್ಣು ಕೆಕ್ಕರಿಸಿ ನಿಂತಿದ್ದ. ಆಂಜನಪ್ಪ ಚೀಲ ಕೆಳಗಿಟ್ಟ.

"ನನ್ ಕಿವಿಗೆ ಯಾವ ಎಂಜಿನ್ನೂ ಯಾವತ್ತೂ ಏನೂ ಹೇಳಿಲ್ಲ ಕಣವ್ವ. ಎಲ್ಲಾರಂಗೆ ಬಿಚ್ಚಿ, ನೋಡಿ, ತಿಳ್ಕಳೋನೇ ನಾನೂ. ಇವತ್ತು ಅದೂ ಮಾಡ್ಲಿಲ್ಲ. ಹಲ್ಲುಜ್ಜೋ ಹೊತ್ಗೆ ಯಜಮಾನ್ರು ಫೋನ್ ಮಾಡಿದ್ರು. ಲಕ್ಕಯ್ಯ ನೀರು ಹಾಕವ್ನೆ ಅಂತ ನಾಕ್ ಜನದ ಮುಂದೆ ಅನ್ನು, ಇಲ್ಲಾಂದ್ರೆ ನಮ್ ಜಾಗದಾಗಿರೋ ನಿನ್ ಶೆಡ್ಡು ಕಿತ್ಕಂಡು ಹೋಗು ಅಂದ್ರು. ನಾನು ಹೂಂ ಅಂದೆ."