ತೂಕದ ಬೆಟ್ಟಯ್ಯ

ಏಪ್ರಿಲ್ ತಿಂಗಳ ಒಂದು ಬುಧವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಬೆಟ್ಟಯ್ಯನವರು ಮಳವಳ್ಳಿಯಾಚೆಯ ಒಂದು ವಿದ್ಯುತ್ ಘಟಕದ ಗೇಟಿನೆದುರು ನಿಂತು, ಕತ್ತು ಹಿಂದಕ್ಕೆ ವಾಲಿಸಿ, ಅದರ ಚಿಮಣಿಯ ತುದಿಯನ್ನು ನೋಡುತ್ತಿದ್ದರು. ಆ ಉರಿಬಿಸಿಲಿನಲ್ಲೂ ಮೈಮೇಲೆ ಕಾರ್ಖಾನೆ ಕೊಟ್ಟಿದ್ದ ಖಾಕಿ ಕೋಟು, ಕಿವಿಗೆ ಫೋನು. ನಿಂತದ್ದು ಮಾತ್ರ ರಸ್ತೆಯ ತೀರಾ ಅಂಚಿನಲ್ಲಿ. ಅವರು ಎಲ್ಲಿ ನಿಂತರೂ ಅಂಚಿನಲ್ಲೇ ನಿಲ್ಲುತ್ತಾರೆ.

ಅದು ಉದ್ಯೋಗ ಕಲಿಸಿದ ನಡಿಗೆ. ಮೂವತ್ತೊಂದು ವರ್ಷ ಅವರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತರಾಗಿದ್ದರು. ನೆಲಮಟ್ಟಕ್ಕೆ ಹಾಸಿದ ತೂಕದ ಕಾಟಾದ ಉಕ್ಕಿನ ಹಲಗೆಯ ಮೇಲೆ ಕಾಲಿಟ್ಟರೆ ತಮ್ಮ ಮೈಭಾರವೂ ಯಾರದೋ ಕಬ್ಬಿಗೆ ಸೇರಿಬಿಟ್ಟೀತೆಂದು ಸುತ್ತ ಬಳಸಿಕೊಂಡೇ ಓಡಾಡಿದ ಕಾಲುಗಳು ನಿವೃತ್ತಿಯ ನಂತರವೂ ಆ ದಾರಿ ಬಿಡಲಿಲ್ಲ. ಮದುವೆಮನೆಯಲ್ಲಿ ಜಮಖಾನ ತುಳಿಯದೆ ಗೋಡೆಗುಂಟ ಹೋಗಿ, ಊಟದ ಸಾಲಿನ ಕೊನೆಯ ಎಲೆಗೆ ಕೂರುತ್ತಾರೆ.

ಇನ್ನೊಂದು ಹಟ ಸೊನ್ನೆಯದು. ಗಾಡಿ ಹಲಗೆ ಹತ್ತುವ ಮೊದಲು ಕಿಟಕಿಯಿಂದ ತಲೆ ಹೊರಹಾಕಿ, ಕಾಟಾ ಸೊನ್ನೆಯಲ್ಲಿದೆಯೆಂದು ರೈತನಿಗೆ ಕೂಗಿ ತೋರಿಸಿ, ಅವನು ತಲೆಯಾಡಿಸಿದ ಮೇಲೆಯೇ ತೂಕಕ್ಕೆ ಕೈ ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ಮಗಳು ನಿಖಿತಾಗೆ ಜ್ವರ ಬಂದರೆ, ಥರ್ಮಾಮೀಟರನ್ನು ಕೊಡವಿ, ಪಾದರಸ ಬುಡಕ್ಕಿಳಿದದ್ದನ್ನು ಆ ಜ್ವರದ ಕೂಸಿಗೇ ತೋರಿಸಿ, ಆಮೇಲೆ ನಾಲಿಗೆಯಡಿ ಇಡುತ್ತಿದ್ದರು. ಕೇಳುವ ಮುಂಚೆಯೇ ಸೊನ್ನೆ ತೋರಿಸುತ್ತಾರೆಂದು ಪೆಟ್ರೋಲ್ ಬಂಕಿನವರ ಮೇಲೆ ಅವರಿಗೆ ವಿಶೇಷ ಗೌರವ. ಹೆಂಡತಿ ಚಿಕ್ಕಮಾದಮ್ಮ ಬಂದವರೆದುರು ಹಂಗಿಸುತ್ತಾರೆ: “ಉಣ್ಣಾಕ್ ಕುಂತ್ರೂ ಈವಯ್ಯ ಮೊದ್ಲು ತಟ್ಟೆ ಖಾಲಿ ಅದಾ ಅಂತ ನೋಡ್ತದೆ ಕಣವ್ವ. ಆಮೇಕೇ ಮುದ್ದೆ ಇಕ್ಕುಸ್ಕಳಾದು.”

ನಿಖಿತಾ ಈಗ ಭಾರತೀನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಆ ಏಪ್ರಿಲ್‌ನಲ್ಲಿ ಒಂದು ದೊಡ್ಡ ಭಾರ ಅವಳ ತಲೆಗೆ ಬಂದಿತ್ತು. ಕೊಪ್ಪದ ಮಹಿಳಾ ಸಂಘದ ಇಪ್ಪತ್ತಾರು ಹೆಂಗಸರು, ಕಬ್ಬಿನ ಸಸಿ ಬೆಳೆಸುವ ನೆರಳುಮನೆ ಕಟ್ಟಲೆಂದು ಏಳು ವರ್ಷ ಕೂಡಿಟ್ಟಿದ್ದ ಉಳಿತಾಯವನ್ನೆಲ್ಲ ಒಂದು ಕ್ರಿಪ್ಟೊ ಟೋಕನ್ನಿಗೆ ಹಾಕುವ ಯೋಚನೆಯಲ್ಲಿದ್ದರು. ಕಬ್ಬು ಹಿಂಡಿ ಉಳಿದ ರಚ್ಚನ್ನು ಉರಿಸಿ ಮಳವಳ್ಳಿಯ ಘಟಕದಲ್ಲಿ ಕರೆಂಟು ತೆಗೆಯುತ್ತಾರೆ, ಟೋಕನ್ ಕೊಂಡವರಿಗೆ ಅದರಲ್ಲಿ ಪಾಲು, ಎಷ್ಟು ಯೂನಿಟ್ ಹುಟ್ಟಿತೆಂದು ಮೊಬೈಲಿನಲ್ಲೇ ಕ್ಷಣಕ್ಷಣಕ್ಕೂ ನೋಡಬಹುದು ಎಂದು ಮದ್ದೂರಿನ ಏಜೆಂಟ್ ಸಂತೋಷ್ ವಿವರಿಸಿದ್ದ. ಸಂಘದ ಅಧ್ಯಕ್ಷೆ ಮುದ್ದಮ್ಮ ಎಲ್ಲ ಕೇಳಿಸಿಕೊಂಡು, “ನಮ್ಗೇನ್ ತಿಳೀತದವ್ವ ನಿಖಿತಾ. ಗುರುವಾರ ಸಭೇಲಿ ನೀನ್ ಹೂಂ ಅಂದ್ರೆ ಸೈ” ಎಂದುಬಿಟ್ಟಿದ್ದರು.

ನಿಖಿತಾ ಕಂಪನಿಯ ಮೂವತ್ತೆರಡು ಪುಟಗಳ ವಿವರಣೆಯನ್ನು ಎರಡು ಸಲ ಓದಿದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹೂಂ ಅನ್ನಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮಂಗಳವಾರ ಸಂಜೆ ಸಂತೋಷ್ ಮನೆಗೇ ಬಂದು, ಮೊಬೈಲಿನಲ್ಲಿ ಏರುತ್ತಿರುವ ಯೂನಿಟ್ಟಿನ ಅಂಕಿಯನ್ನು ಬೆಟ್ಟಯ್ಯನವರ ಮುಂದೆ ಹಿಡಿದ. ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ನೋಡಿದರು.

“ಮಿಸನ್ನು ನಿಂತಿದ್ದಾಗ ಇದು ಎಷ್ಟು ತೋರುಸ್ತದ್ಲಾ?”

“ಅದು ನಿಲ್ಲಾದೇ ಇಲ್ಲ ಕಣ್ ಬೆಟ್ಟಯ್ಯಣ್ಣ.”

“ನಿಲ್ದೇ ಇರೋ ಮಿಸನ್ನ ನಾನಂತೂ ಕಂಡಿಲ್ಲ ಬುಡು.”

“ಇದು ನಿಮ್ ಕಾಲದ್ ಕಾಟಾ ಅಲ್ಲಣ್ಣ, ಬ್ಲಾಕ್‌ಚೈನು.”

“ಚೈನು ಎಷ್ಟುದ್ದ ಆದ್ರೂ ಇರ್ಲಿ. ಅದನ್ನ ಕಟ್ಟಿರೋ ಗೂಟ ಎಲ್ಲದೆ?”

ಸಂತೋಷ್ ನಕ್ಕ. ನಿಖಿತಾಗೆ ಮುಜುಗರವಾಯಿತು. “ಅಪ್ಪಾಜಿ, ಲೆಕ್ಕ ಎಲ್ಲಾ ನಾನೇ ನೋಡಿದೀನಿ” ಎಂದಳು.

“ಲೆಕ್ಕ ಸರಿಯಾಗೇ ಇರ್ತದೆ ಕಣಮ್ಮ. ಕಾಟಾ ಸರಿ ಇರ್ಬೇಕಲ್ಲ.”

ಮರುದಿನ ಅವರು ಕೋಟು ತೊಟ್ಟು ಮಳವಳ್ಳಿಯ ಬಸ್ಸು ಹತ್ತಿದರು. ಹತ್ತೂ ನಲವತ್ತಕ್ಕೆ ಮಗಳಿಗೆ ಫೋನು ಮಾಡಿ, ಈಗ ಎಷ್ಟು ತೋರಿಸುತ್ತಿದೆಯೆಂದು ಕೇಳಿದರು. ಅವಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಓದಿ ಹೇಳಿದಳು. ಒಂದು ನಿಮಿಷಕ್ಕೆ ನಲವತ್ತೊಂದು ಯೂನಿಟ್ ಏರಿತು. ಮುಂದಿನ ನಿಮಿಷಕ್ಕೂ ಸರಿಯಾಗಿ ನಲವತ್ತೊಂದು. ಮೂರನೆಯ ಸಲವೂ ಒಂದಿಷ್ಟೂ ಏರಿಳಿತವಿಲ್ಲದೆ ಅಷ್ಟೇ ಬಂದಾಗ, ಆ ಅಂಕಿಯನ್ನು ನಡೆಸುತ್ತಿರುವುದು ಗಡಿಯಾರವೇ ಹೊರತು ಬೇರೇನೂ ಅಲ್ಲವೆಂದು ಅವಳಿಗೆ ಹೊಳೆಯತೊಡಗಿತು. ಆ ಕಡೆಯಿಂದ ತಂದೆಯ ದನಿ ನಿಧಾನವಾಗಿ ಬಂತು:

“ಚಿಮಣಿ ತುದೀಲಿ ಕಾಗೆ ಗೂಡು ಕಟ್ತಾ ಅದೆ ಕಣಮ್ಮ.”

ಘಟಕ ನಿಲ್ಲಿಸಿ, ರಿಪೇರಿಗೆಂದು ಬಾಯ್ಲರು ಬಿಚ್ಚಿ ಹತ್ತೊಂಬತ್ತು ದಿನವಾಗಿತ್ತಂತೆ. ಗೇಟು ಕಾಯುವ ಶಿವರಾಮು ಒಳಗಿನ ಕಚೇರಿಯಲ್ಲೂ ವಿಚಾರಿಸಿ ಬಂದ. ಇಂಥದೊಂದು ಟೋಕನ್ನಿನ ಹೆಸರನ್ನೇ ಅಲ್ಲಿ ಯಾರೂ ಕೇಳಿರಲಿಲ್ಲ.

ನಿಖಿತಾ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ಎದುರಿನ ಮೇಜಿನ ಮೇಲೆ ವರ್ನಿಯರ್ ಕ್ಯಾಲಿಪರ್‌ಗಳಿದ್ದವು. ಅಳೆಯುವ ಮೊದಲು ಉಪಕರಣ ಸೊನ್ನೆಯಲ್ಲೇ ನಿಂತಿದೆಯೇ, ಅದರ ಶೂನ್ಯದೋಷ ನೋಡಿ ಎಂದು ಪ್ರತಿವರ್ಷ ಮೊದಲ ತರಗತಿಯಲ್ಲೇ ಹೇಳುವವಳು ಅವಳು. ಇಪ್ಪತ್ತಾರು ಮನೆಗಳ ಏಳು ವರ್ಷದ ಉಳಿತಾಯ ತನ್ನ ಒಂದು ‘ಹೂಂ’ನ ಅಂಚಿನಿಂದ ಹಿಂದಕ್ಕೆ ಬಂದಿತ್ತು. ಮೇಜಿನ ಮೇಲೆ ಆರಿಹೋಗಿದ್ದ ಟೀಯನ್ನು ಅವಳು ಪೂರ್ತಿ ಕುಡಿದಳು, ಅದೂ ರುಚಿಯಾಗಿತ್ತು. ಸಂಜೆ ಸುದ್ದಿ ಕೇಳಿದ ಸಂತೋಷ್ ಜಗುಲಿಯ ಮೇಲೆ ಕುಸಿದು, “ನಾನೂ ಇದ್ಕೇ ದುಡ್ ಆಕಾಣಾಂತ ಸುಕ್ರವಾರ ನಮ್ಮವ್ವನ್ ಓಲೆ ಅಡ ಇಡಾಕೆ ಓಯ್ತಿದ್ದೆ. ಬದುಕ್ದೆ ಕಣಣ್ಣ” ಎಂದ. ಬೆಟ್ಟಯ್ಯನವರು ಬಯ್ಯಲಿಲ್ಲ. “ಕಾಪಿ ಕುಡ್ಕಂಡೋಗ್ಲಾ” ಎಂದರು, ಅಷ್ಟೆ.

ಇಂಥವರನ್ನು ಜನ ಅನುಮಾನದ ಪ್ರಾಣಿಗಳೆನ್ನುತ್ತಾರೆ. ನಿಖಿತಾಳೂ ಒಂದು ಕಾಲಕ್ಕೆ ಹಾಗೆಯೇ ಅಂದುಕೊಂಡಿದ್ದಳು. ಆದರೆ ನಂಬುವ ಆಸೆ ಇವರಿಗೆ ನಮಗಿಂತ ಹೆಚ್ಚು. ನಂಬಿಕೆಯನ್ನು ಎಲ್ಲಿಂದ ಅಳೆಯತೊಡಗಬೇಕೋ ಆ ಗೆರೆಯನ್ನು ಒಮ್ಮೆ ಕಣ್ಣಾರೆ ಕಂಡರೆ, ಆಮೇಲೆ ಎಷ್ಟು ಭಾರ ಹೇರಿದರೂ ಮರುಮಾತಾಡದವರು. ಊರಿಗೊಬ್ಬರಾದರೂ ಹೀಗೆ ಅಂಚಿನಲ್ಲಿ ನಡೆಯುವವರಿದ್ದರೆ, ನಡುವೆ ನಡೆಯುವ ನಾವು ನಿಶ್ಚಿಂತೆಯಿಂದಿರಬಹುದು.

ಗುರುವಾರದ ಸಭೆಯಲ್ಲೂ ಅವರು ಗೋಡೆಗೊರಗಿಯೇ ನಿಂತಿದ್ದರು. ನಿಖಿತಾ ಎಲ್ಲವನ್ನೂ ವಿವರಿಸಿದ ಮೇಲೆ ಮುದ್ದಮ್ಮ ಅವರ ಕಡೆ ತಿರುಗಿ, “ಬೆಟ್ಟಯ್ಯಣ್ಣ, ನೀನೇ ಓಗಿ ನೋಡ್ಬಂದಿದ್ದೀಯಲ್ಲ. ಅಲ್ಲಿ ಎಷ್ಟು ಕರೆಂಟು ಉಟ್ತಿತ್ತು, ನಿನ್ ಬಾಯಲ್ಲೇ ಏಳು” ಎಂದರು. ಅವರು ಕೋಟಿನ ಗುಂಡಿ ಹಾಕಿಕೊಂಡು, ಕಿಟಕಿಯಿಂದ ಕೂಗುತ್ತಿದ್ದ ಅದೇ ಹಳೆಯ ದನಿಯಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದರು:

“ಸೊನ್ನೆ.”